ಬಾಗಿಲಲ್ಲಿ ಒಂದು ಕೆಮ್ಮು

ಮೊದಲು ಅಗತ್ಯ ಹುಟ್ಟುವುದು, ಆಮೇಲೆ ವಸ್ತು ಮನೆಗೆ ಬರುವುದು ಹಳೆಯ ಕ್ರಮ. ಒರಳುಕಲ್ಲಿನ ಮುಂದೆ ಕೂತು ರಟ್ಟೆ ಸೋತ ಮೇಲೆ ಗ್ರೈಂಡರ್ ಬಂತು. ಊರಿನ ಸುದ್ದಿಗಾಗಿ ಹಂಬಲಿಸಿ, ಅರ್ಜಿ ಹಾಕಿ, ವರ್ಷಗಟ್ಟಲೆ ಕಾದ ಮೇಲೆ ಟೆಲಿಫೋನ್ ಬಂತು. ಈಗಿನ ಕ್ರಮ ತಿರುವುಮುರುವು. ವಸ್ತು ಮೊದಲು ಬಂದು ಕೂರುತ್ತದೆ. ಅದರಿಂದ ಏನು ಪ್ರಯೋಜನ ಪಡೆಯಬೇಕೆಂಬ ಚಿಂತೆ ಆಮೇಲೆ ನಮಗೆ ಅಂಟಿಕೊಳ್ಳುತ್ತದೆ.

ಗೋರೆಗಾಂವ್‌ನ ನಮ್ಮವರ ಮನೆಗಳಲ್ಲಿ ಇತ್ತೀಚೆಗೆ ಹೀಗೆ ಬಂದು ಕೂತಿರುವುದು ‘ಸ್ಮಾರ್ಟ್ ಡಿಸ್ಪ್ಲೇ’ ಎಂಬ ವಸ್ತು. ದೀಪಾವಳಿಯ ರಿಯಾಯಿತಿಯಲ್ಲಿ ಕೊಂಡದ್ದು, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದದ್ದು, ಅಮೆರಿಕದ ಮಗಳು ರಜೆಗೆ ಬಂದಾಗ ತಂದಿಟ್ಟು ಹೋದದ್ದು – ಹೀಗೆ ಒಂದೊಂದಕ್ಕೂ ಒಂದೊಂದು ಕತೆ. ನೋಡಲು ಫೋಟೋದ ಚೌಕಟ್ಟಿನಂತಿದೆ. ಹೆಸರು ಹಿಡಿದು ಕರೆದರೆ ಓಗೊಡುತ್ತದೆ, ಕೇಳಿದ್ದಕ್ಕೆ ಉತ್ತರ ಹೇಳುತ್ತದೆ, ದೂರದವರ ಮುಖ ತೋರಿಸುತ್ತದೆ. ಅಮೆಜಾನ್ ಕಂಪೆನಿ ಇಂಥ ಮೊದಲ ಯಂತ್ರವನ್ನು ಅಮೆರಿಕದಲ್ಲಿ ಮಾರಾಟಕ್ಕೆ ತಂದದ್ದು 2017ರಲ್ಲಿ, ಗೂಗಲ್ ಕಂಪೆನಿ 2018ರಲ್ಲಿ. 2019ರ ಹೊತ್ತಿಗೆ ಎರಡೂ ನಮ್ಮ ದೇಶದ ಅಂಗಡಿಗಳಿಗೆ ಬಂದಿದ್ದವು. ಬಂದ ಮೊದಲ ವಾರ ಮಕ್ಕಳು ಅದರ ಹತ್ತಿರ ಹಾಸ್ಯ ಕೇಳುತ್ತಾರೆ, ಹಾಡು ಕೇಳುತ್ತಾರೆ. ಎರಡನೆಯ ತಿಂಗಳಿಗೆ ಅದು ಫ್ರಿಜ್ಜಿನ ಪಕ್ಕದ ಒಂದು ದುಬಾರಿ ಗಡಿಯಾರ.

“ಇಷ್ಟು ಹಣ ಕೊಟ್ಟಿದ್ದೇವೆ, ಇದನ್ನು ದಿನನಿತ್ಯ ಇನ್ನೂ ಹೆಚ್ಚು ಉಪಯೋಗಿಸುವುದು ಹೇಗೆ?” ಎಂಬ ಪ್ರಶ್ನೆ ಆಗ ಏಳುತ್ತದೆ. ನ್ಯಾಯವಾದ ಪ್ರಶ್ನೆಯೇ. ಹೊಟ್ಟೆ ಬಟ್ಟೆ ಕಟ್ಟಿ ಬೆಳೆದ ನಾವು ಯಾವ ವಸ್ತುವನ್ನೂ ಸುಮ್ಮನೆ ಕೂರಿಸಲಾರೆವು. ಆದರೆ ಈ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಗ್ರೈಂಡರನ್ನು ಎಷ್ಟು ಉಪಯೋಗಿಸಿದರೂ ಅಕ್ಕಿ ಉದ್ದುಗಳಿಗೆ ಮನನೋಯುವುದಿಲ್ಲ. ಈ ಯಂತ್ರಕ್ಕಾದರೋ ಕಿವಿಯಿದೆ, ಅನೇಕಕ್ಕೆ ಕಣ್ಣೂ ಇದೆ. ನಾವು ಅದನ್ನು ಹೆಚ್ಚು ಉಪಯೋಗಿಸಿದಷ್ಟೂ ಮನೆಯ ಇನ್ನೊಬ್ಬರು ಹೆಚ್ಚು ಕಾಣಿಸಿಕೊಳ್ಳುತ್ತಾರೆ, ಹೆಚ್ಚು ಕೇಳಿಸಿಕೊಳ್ಳುತ್ತಾರೆ. ಅವರನ್ನು ಕೇಳಿದ್ದೇವೆಯೆ?

ನಿರುಪದ್ರವಿ ಉಪಯೋಗಗಳನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅವುಗಳ ಬಗ್ಗೆ ವಾದವಿಲ್ಲ. ಇಡ್ಲಿ ಬೇಯಲು ಇಟ್ಟು ಹನ್ನೆರಡು ನಿಮಿಷಕ್ಕೆ ಕೂಗು ಎಂದರೆ ಅದು ಕೂಗುತ್ತದೆ. ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟಬೇಕಾಗಿಲ್ಲ. ರಕ್ತದೊತ್ತಡದ ಗುಳಿಗೆಯನ್ನು ಬೆಳಿಗ್ಗೆ ಎಂಟಕ್ಕೆ ನೆನಪಿಸುತ್ತದೆ. ರಾತ್ರಿ ಊಟವಾದ ಮೇಲೆ ಯಕ್ಷಗಾನದ ಒಂದು ಪ್ರಸಂಗ ಹಾಕಿಕೊಳ್ಳಬಹುದು. ಚೆಂಡೆಯ ಪೆಟ್ಟು ಆ ಪುಟ್ಟ ಸ್ಪೀಕರಿನಲ್ಲಿ ಡಬ್ಬಿ ಬಡಿದಂತೆ ಕೇಳಿದರೂ ಭಾಗವತರ ಪದ ಚೆನ್ನಾಗಿಯೇ ಬರುತ್ತದೆ. ಹಾಲಿನವನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಕು, ಮುಂದಿನ ಸಂಕಷ್ಟಿ ಎಂದು – ಇವೆಲ್ಲ ಸರಿ.

ಇಲ್ಲಿಯೇ ಒಂದು ಮಾತು ಸೇರಿಸಬೇಕು. ನನಗೆ ಪರಿಚಯವಿರುವ ಮನೆಗಳಲ್ಲಿ ಈ ಯಂತ್ರಕ್ಕೆ ಆಜ್ಞೆ ಕೊಡುವ ಭಾಷೆ ಇಂಗ್ಲಿಷ್ ಅಥವಾ ಹಿಂದಿ. ಅಮೆಜಾನಿನ ಅಲೆಕ್ಸಾ ಹಿಂದಿ ಕಲಿತದ್ದು 2019ರ ಸೆಪ್ಟೆಂಬರಿನಲ್ಲಿ. ಹಾಡಿನ ಹೆಸರನ್ನು ಕನ್ನಡದಲ್ಲಿ ಹೇಳಿದರೆ ಹೇಗೋ ಊಹಿಸಿ ಹುಡುಕಿಕೊಡುತ್ತದೆ. “ನಾಳೆ ಬೆಳಿಗ್ಗೆ ನನ್ನನ್ನು ಎಬ್ಬಿಸು ಮಾರಾಯ್ತಿ” ಎಂದರೆ ಅದಕ್ಕೆ ತಿಳಿಯದು. ಮನೆಯಲ್ಲಿ ದಿನವಿಡೀ ಇರುವವರು ಯಾರು? ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ ಅಜ್ಜಿ. ಅಂದರೆ ಯಂತ್ರದ ಜೊತೆ ಹೆಚ್ಚು ಹೊತ್ತು ಕಳೆಯುವವರಿಗೆ ಯಂತ್ರದ ಮೇಲೆ ಅಧಿಕಾರವಿಲ್ಲ. ಒಂದು ಮನೆಯಲ್ಲಿ ಮೊಮ್ಮಗಳು ಅಜ್ಜಿಗೆ ದುಭಾಷಿಯಾಗಿರುವುದನ್ನು ಕಂಡಿದ್ದೇನೆ. ಅಜ್ಜಿ ಕನ್ನಡದಲ್ಲಿ ಹೇಳುತ್ತಾರೆ, ಹುಡುಗಿ ಹಿಂದಿಯಲ್ಲಿ ಯಂತ್ರಕ್ಕೆ ಹೇಳುತ್ತಾಳೆ, ಯಂತ್ರದ ಉತ್ತರವನ್ನು ಮತ್ತೆ ಕನ್ನಡದಲ್ಲಿ ಅಜ್ಜಿಗೆ. ಶಾಲೆಯಲ್ಲಿ ಮರಾಠಿ, ಮೈದಾನದಲ್ಲಿ ಹಿಂದಿ, ಹೋಮ್‌ವರ್ಕಿನಲ್ಲಿ ಇಂಗ್ಲಿಷ್ ಆಡುವ ಮಗುವಿಗೆ ಹೀಗಾದರೂ ದಿನಕ್ಕೆ ಹತ್ತು ವಾಕ್ಯ ಕನ್ನಡ ಬೇಕಾಯಿತಲ್ಲ ಎಂದು ಸಂತೋಷಪಡಬಹುದು. ಆದರೆ ಹುಡುಗಿ ಶಾಲೆಗೆ ಹೋದ ಮೇಲೆ ಅಜ್ಜಿಗೆ ಆ ಯಂತ್ರವನ್ನು ಸುಮ್ಮನಿರಿಸಲೂ ಬಾರದು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಈ ಯಂತ್ರಗಳಲ್ಲಿ ‘ಡ್ರಾಪ್ ಇನ್’ ಎಂಬ ಒಂದು ಸೌಕರ್ಯವಿದೆ. ಫೋನಿನಲ್ಲಾದರೆ ಗಂಟೆ ಬಾರಿಸುತ್ತದೆ, ಆ ಕಡೆಯವರು ಎತ್ತಿಕೊಂಡರೆ ಮಾತು, ಇಲ್ಲವಾದರೆ ಇಲ್ಲ. ಇಲ್ಲಿ ಹಾಗಲ್ಲ. ಮೊದಲೇ ಒಮ್ಮೆ ಅನುಮತಿ ಕೊಟ್ಟು ಇಟ್ಟಿದ್ದರೆ, ಆ ಕಡೆಯವರು ಏನನ್ನೂ ಮುಟ್ಟದೆಯೇ ಸಂಪರ್ಕ ತೆರೆದುಕೊಳ್ಳುತ್ತದೆ. ಮಗ ಇಲ್ಲಿ ಆಫೀಸಿನಲ್ಲಿ ಕೂತು ಫೋನ್ ಒತ್ತಿದರೆ ಊರಿನ ಮನೆಯ ಚಾವಡಿ ಕಾಣುತ್ತದೆ. ವಯಸ್ಸಾದ ತಂದೆತಾಯಿಯನ್ನು ಊರಲ್ಲಿ ಬಿಟ್ಟು ಬಂದವರಿಗೆ ಯಂತ್ರದ ಎಲ್ಲ ಉಪಯೋಗಗಳಿಗಿಂತ ದೊಡ್ಡ ಉಪಯೋಗ ಇದೇ ಎಂದು ತೋರುವುದು ಸಹಜ.

ನಮ್ಮಲ್ಲಿ ಒಬ್ಬರ ಮನೆಯನ್ನು ಪ್ರವೇಶಿಸುವುದಕ್ಕೆ ಒಂದು ರೀತಿಯಿತ್ತು. ಊರಿನ ಮನೆಗಳ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು, ಕರೆಗಂಟೆ ಇರಲಿಲ್ಲ. ಆದರೂ ಯಾರೂ ನೇರ ಒಳಗೆ ನುಗ್ಗುತ್ತಿರಲಿಲ್ಲ. ಅಂಗಳದಲ್ಲಿ ನಿಂತು “ಯಾರುಂಟು ಒಳಗೆ?” ಎಂದು ಒಂದು ಕೂಗು, ಇಲ್ಲವೆ ಬಾಗಿಲಲ್ಲಿ ಒಂದು ಕೆಮ್ಮು. ಮಾವನವರು ಅಡುಗೆಮನೆಯ ಕಡೆ ಬರುವಾಗ ಕೆಮ್ಮುತ್ತಿದ್ದರು. ಗಂಟಲಿನಲ್ಲಿ ಏನೂ ಇಲ್ಲದ ಆ ಕೆಮ್ಮಿನ ಅರ್ಥ ಸೊಸೆಯಂದಿರಿಗೆ ತಿಳಿದಿತ್ತು: ಸೆರಗು ಸರಿಮಾಡಿಕೊಳ್ಳಿ, ಆಡುತ್ತಿದ್ದ ಮಾತನ್ನು ಬದಲಿಸಿಕೊಳ್ಳಿ, ನಾನು ಬರುತ್ತಿದ್ದೇನೆ. ಆ ಎರಡು ಕ್ಷಣದ ಅವಧಿ ಒಳಗಿದ್ದವರ ಸೊತ್ತು.

ಮುಂಬಯಿಗೆ ಬಂದ ಮೇಲೂ ಆ ರೀತಿ ಪೂರ್ತಿ ಹೋಗಲಿಲ್ಲ. ಗೋರೆಗಾಂವ್‌ನ ಬೈಠಿ ಚಾಳುಗಳಲ್ಲಿ, ಮೋತಿಲಾಲ್ ನಗರದ ಸಾಲುಮನೆಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಬದುಕು. ಪಕ್ಕದ ಮನೆಯ ಒಗ್ಗರಣೆಗೆ ಇಲ್ಲಿ ಸೀನು ಬರುತ್ತಿತ್ತು. ಬಾಗಿಲು ತೆರೆದೇ ಇದ್ದರೂ ಒಂದು ಪರದೆ ತೂಗುತ್ತಿತ್ತು. ಆ ತೆಳು ಬಟ್ಟೆಯನ್ನು ಸರಿಸುವ ಮೊದಲು ಯಾರಾದರೂ ಒಂದು ಸಲ “ಭಾಬೀ” ಎಂದೋ “ಅಕ್ಕಾ” ಎಂದೋ ಕರೆಯದೆ ಇರುತ್ತಿರಲಿಲ್ಲ. ಟೆಲಿಫೋನಿನ ವಿಷಯದಲ್ಲೂ ಹೀಗೆಯೇ. ಇಡೀ ಬಿಲ್ಡಿಂಗಿಗೆ ಒಂದು ಫೋನ್ ಇದ್ದ ಕಾಲದಲ್ಲಿ ನಮ್ಮ ವಿಸಿಟಿಂಗ್ ಕಾರ್ಡುಗಳಲ್ಲಿ ಪಕ್ಕದ ಮನೆಯ ನಂಬರ್ ಅಚ್ಚಾಗಿ, ಮುಂದೆ ‘ಪಿ.ಪಿ.’ ಎಂದು ಇರುತ್ತಿತ್ತು. ರಾತ್ರಿ ಒಂಬತ್ತರ ಮೇಲೆ ಆ ನಂಬರಿಗೆ ಫೋನ್ ಮಾಡಬಾರದು, ಮಾಡಿದರೆ ಯಾರೋ ತೀರಿಕೊಂಡಿದ್ದಾರೆಂದು ಅರ್ಥ – ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕೊಂಕಣ ರೈಲು 1998ರ ಜನವರಿ 26ರಂದು ಪೂರ್ತಿ ದಾರಿಯಲ್ಲಿ ಓಡತೊಡಗುವ ಮೊದಲು ಊರಿಗೆ ಹೋಗುವವರು ಹದಿನೈದು ದಿನ ಮುಂಚೆ ಕಾಗದ ಬರೆದೇ ಹೊರಡುತ್ತಿದ್ದರು. ಆ ಕಾಗದವೂ ಒಂದು ಕೆಮ್ಮೇ. ಈ ಹೊಸ ಸೌಕರ್ಯ ಸಾವಿರ ಕಿಲೋಮೀಟರಿನ ದಾರಿಯನ್ನು ಇಲ್ಲವಾಗಿಸಿದೆ, ಜೊತೆಯಲ್ಲಿ ಆ ಎರಡು ಕ್ಷಣಗಳನ್ನೂ ಕಿತ್ತುಕೊಂಡಿದೆ.

ನನಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಮಾತು. ಗೋರೆಗಾಂವ್ ಪಶ್ಚಿಮದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ತಾಯಿ ಕುಂದಾಪುರದ ಹತ್ತಿರ ಹಳೆಯ ಮನೆಯಲ್ಲಿ ಒಬ್ಬರೇ. ಮುಂಬಯಿಗೆ ಬಂದು ಇರಿ ಎಂದರೆ ಬರುವವರಲ್ಲ. ಎಂಟನೆಯ ಮಹಡಿಯಲ್ಲಿ ತುಳಸಿಕಟ್ಟೆ ಎಲ್ಲಿ ಎಂದು ಕೇಳುವವರು. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮಗ ಹೋಗಿ ಆರೈಕೆ ಮಾಡಿ, ಮರಳುವ ಮುನ್ನ ಚಾವಡಿಯಲ್ಲಿ ಈ ಯಂತ್ರವನ್ನು ಇಟ್ಟು ಬಂದರು. ಆಮೇಲೆ ದಿನಕ್ಕೆ ಏಳೆಂಟು ಸಲ ನೋಡುವುದು ರೂಢಿಯಾಯಿತು. ಲೋಕಲ್ ಟ್ರೇನಿನಲ್ಲಿ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ. ಪ್ರೀತಿಯಿಂದಲೇ. ಅದರಲ್ಲಿ ಅನುಮಾನವಿಲ್ಲ.

ಆದರೆ ಆ ಕಡೆ ಏನಾಯಿತು? ತಾಯಿ ಬೆಳಿಗ್ಗೆಯಿಂದಲೇ ಒಳ್ಳೆಯ ಸೀರೆ ಉಡತೊಡಗಿದರು. ಮಧ್ಯಾಹ್ನ ಊಟವಾದ ಮೇಲೆ ಚಾವಡಿಯಲ್ಲಿ ಕಾಲು ಚಾಚಿ ಕೂತು ಎಲೆಯಡಿಕೆ ಹಾಕುವ ಅಭ್ಯಾಸವಿತ್ತು. ಹಲ್ಲಿಗೆ ಒಳ್ಳೆಯದಲ್ಲ ಎಂದು ಮಗ ಬೈಯುತ್ತಾನೆಂದು ಎಲೆಯ ತಟ್ಟೆ ಕೊಟ್ಟಿಗೆಯ ಕಡೆಗೆ ಹೋಯಿತು. ನೆರೆಮನೆಯ ಹೆಂಗಸರು ಮೊದಲಿನಂತೆ ಬಂದು ಕೂರುವುದು ಕಡಿಮೆಯಾಯಿತು, ಯಾಕೆಂದರೆ ಸೊಸೆಯಂದಿರ ಮಾತು ಆಡುವ ಜಾಗ ಅದಾಗಿ ಉಳಿಯಲಿಲ್ಲ. ಮಗ ಒಮ್ಮೆ ಊರಿಗೆ ಹೋದಾಗ ತಾಯಿ ಹೇಳಿದ್ದು ಇಷ್ಟೇ: “ನೀನು ಬರುವುದು ಸಂತೋಷವೇ ಮಗಾ. ಬರುವಾಗ ಒಂದು ಕೂಗು ಹಾಕಬಾರದಾ?”

18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಒಂದು ಸೆರೆಮನೆಯ ನಕ್ಷೆ ಹಾಕಿಕೊಟ್ಟನು. ನಡುವೆ ಒಂದು ಗೋಪುರ, ಸುತ್ತ ಕೋಣೆಗಳು. ಗೋಪುರದಲ್ಲಿರುವ ಕಾವಲುಗಾರ ಎಲ್ಲರನ್ನೂ ನೋಡಬಲ್ಲ; ಅವನು ಈಗ ನೋಡುತ್ತಿದ್ದಾನೆಯೇ ಇಲ್ಲವೇ ಎಂಬುದು ಕೈದಿಗೆ ತಿಳಿಯದು. ಹಾಗಾಗಿ ಕೈದಿ ಸದಾ ನೋಡಲ್ಪಡುವವನಂತೆಯೇ ನಡೆದುಕೊಳ್ಳುತ್ತಾನೆ. ಕುಂದಾಪುರದ ಆ ತಾಯಿಯ ಒಳ್ಳೆಯ ಸೀರೆಗೂ ಈ ನಕ್ಷೆಗೂ ಸಂಬಂಧ ಕಲ್ಪಿಸುವುದು ಕ್ರೂರವಾಗಿ ಕಾಣಬಹುದು. ಮಗ ಕಾವಲುಗಾರನಲ್ಲ. ಆದರೆ ಎಂಟು ನೋಟಗಳು ಯಾವ ಹೊತ್ತಿಗೆ ಎಂದು ತಿಳಿಯದ ಕಾರಣ ತಾಯಿ ಇಡೀ ದಿನವನ್ನು ಅವುಗಳಿಗಾಗಿ ಸಿದ್ಧವಾಗಿ ಕಳೆದರು ಎಂಬುದು ನಿಜ. ನೋಡುವವನ ಮನಸ್ಸಿನಲ್ಲಿ ಪ್ರೀತಿ ಇದೆ ಎಂಬ ಮಾತ್ರಕ್ಕೆ ನೋಡಿಸಿಕೊಳ್ಳುವವರ ಭಾರ ಕಡಿಮೆಯಾಗುವುದಿಲ್ಲ.

ಇದಕ್ಕೆ ಎದುರುವಾದ ಉಂಟು, ಅದು ಹಗುರವಾದದ್ದಲ್ಲ. “ಮತ್ತೆ ಬಿದ್ದರೆ? ಮರ್ಯಾದೆಯ ಮಾತಾಡುತ್ತ ಕೂತು, ಎರಡು ದಿನ ಬಿಟ್ಟು ನೆರೆಯವರು ಬಾಗಿಲು ಒಡೆಯುವಂತಾದರೆ ಆಗ ಏನು ಹೇಳುತ್ತೀರಿ?” ದೂರದಲ್ಲಿರುವ ಯಾವ ಮಗನೂ ಮಗಳೂ ಈ ಭಯವಿಲ್ಲದೆ ಮಲಗುವುದಿಲ್ಲ. ಜೀವಕ್ಕೂ ಮಾನಕ್ಕೂ ತಕ್ಕಡಿ ಹಿಡಿದರೆ ಜೀವವೇ ತೂಗುತ್ತದೆಂದು ಒಪ್ಪೋಣ. ಆದರೂ ತೂಗುವ ಮೊದಲು ತಕ್ಕಡಿಯಲ್ಲಿ ಏನಿದೆ ಎಂದು ನೋಡಬೇಡವೇ? ಆ ತಾಯಿ ಬಿದ್ದದ್ದು ಬಚ್ಚಲಲ್ಲಿ. ಯಂತ್ರ ಇರುವುದು ಚಾವಡಿಯಲ್ಲಿ. ಬಚ್ಚಲಿಗೆ ಅದರ ಕಣ್ಣು ಹೋಗದು, ಹೋಗಲೂಬಾರದು. ಏಳೆಂಟು ನೋಟಗಳ ನಡುವೆ ಗಂಟೆಗಟ್ಟಲೆ ಬಿಡುವಿದೆ. ಬಿದ್ದವರನ್ನು ಎತ್ತಲು ಬೇಕಾದದ್ದು ಬಚ್ಚಲಿನ ಗೋಡೆಗೆ ಒಂದು ಹಿಡಿಕಂಬಿ, ಜಾರದ ನೆಲ, ಬೀಗದ ಕೈ ಇಟ್ಟುಕೊಂಡ ಒಬ್ಬ ನೆರೆಯವಳು, ಬೆಳಿಗ್ಗೆ ಸಂಜೆ “ಹೇಗಿದ್ದೀರಿ” ಎಂದು ಕೇಳುವ ಹಾಲಿನ ಹುಡುಗ. ಯಂತ್ರದಿಂದಲೂ ಸಹಾಯವುಂಟು: ತಾಯಿಯೇ ಕೂಗಿ ಮಗನನ್ನು ಕರೆಯುವಂತೆ ಅಣಿಮಾಡಿಕೊಡಬಹುದು. ಕರೆಯುವ ಆ ನಾಲ್ಕು ಶಬ್ದಗಳನ್ನು ಅವರಿಗೆ ಕಲಿಸಲು ಒಂದು ಸಂಜೆ ಕೂರಬೇಕು, ಅಷ್ಟೆ. ನಾವು ಅದಕ್ಕೆ ಕೂರುವುದಿಲ್ಲ. ನಾವು ನೋಡುವ ವ್ಯವಸ್ಥೆಯನ್ನು ಮಾತ್ರ ಸರಿಮಾಡಿ ಬಸ್ ಹತ್ತುತ್ತೇವೆ. ಆಗ ಆ ನೋಟ ಯಾರ ಸಮಾಧಾನಕ್ಕಾಗಿ ಎಂಬುದನ್ನು ಕೇಳಿಕೊಳ್ಳಲೇಬೇಕಾಗುತ್ತದೆ. ಮಗನ ನೆಮ್ಮದಿಯೂ ಒಂದು ಬೆಲೆಬಾಳುವ ವಸ್ತುವೇ. ಆದರೆ ಅದನ್ನು ತಾಯಿಯ ಸುರಕ್ಷತೆ ಎಂಬ ಹೆಸರಿನಲ್ಲಿ ಕೊಳ್ಳಬಾರದು.

ಕಾನೂನು ಏನು ಹೇಳುತ್ತದೆ? ಖಾಸಗಿತನದ ಹಕ್ಕಿನ ಕತೆಯಲ್ಲಿ ಒಬ್ಬ ಕನ್ನಡಿಗರ ಹೆಸರು ಶಾಶ್ವತವಾಗಿ ಸೇರಿಹೋಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಏಕಾಭಿಪ್ರಾಯದ ಉತ್ತರ ಕೊಟ್ಟಿತು: ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಒಂದು ಕಾಯಿದೆಯನ್ನೂ ಮಾಡಿತು. ಕಂಪೆನಿಗಳು ನಮ್ಮ ದನಿ, ಚಿತ್ರಗಳನ್ನು ಏನು ಮಾಡಬಹುದು, ಏನು ಮಾಡಬಾರದು ಎಂಬುದಕ್ಕೆ ಅದು ಕಟ್ಟಳೆ ಹಾಕುತ್ತದೆ. ಅಂಥ ಕಟ್ಟಳೆ ಬೇಕಾದದ್ದೇ. ಅಲೆಕ್ಸಾದ ಜೊತೆ ಜನ ಆಡಿದ ಮಾತುಗಳ ಮಾದರಿಗಳನ್ನು ಕಂಪೆನಿಯ ಕೆಲಸಗಾರರು ಕೇಳಿ ತಿದ್ದುತ್ತಾರೆಂಬುದು 2019ರಲ್ಲಿ ಪತ್ರಿಕೆಗಳಿಂದಲೇ ಹೆಚ್ಚಿನವರಿಗೆ ತಿಳಿದದ್ದು. ಆದರೆ ಅದೇ ಕಾಯಿದೆ, ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕಾಗಿ ಮಾಡುವುದಕ್ಕೆ ತಾನು ಅನ್ವಯಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಅದು ಸರಿಯೇ, ಸರಕಾರ ನಮ್ಮ ಅಡುಗೆಮನೆಯೊಳಗೆ ಬಂದು ನಿಲ್ಲುವುದು ಯಾರಿಗೆ ಬೇಕು? ಹಾಗಾದರೆ ಹೊಸ್ತಿಲ ಒಳಗಿನ ಮಾತು ನಮ್ಮ ಪಾಲಿಗೇ ಉಳಿಯಿತು.

ಹೊಸ್ತಿಲ ಒಳಗೆ ಇರುವವರು ನಮ್ಮ ಬಂಧುಗಳು ಮಾತ್ರವಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಪಾತ್ರೆ ತೊಳೆಯಲು ಬರುವ ಬಾಯಿಯನ್ನೂ ಆ ಕಣ್ಣು ನೋಡುತ್ತದೆ. “ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮನೆಯ ಕೀಲಿಕೈ ಅವಳ ಹತ್ತಿರ, ನೋಡುವುದರಲ್ಲಿ ತಪ್ಪೇನು?” ಎಂದು ಕೇಳುವವರಿದ್ದಾರೆ. ನೋಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಹೇಳದೆ ನೋಡುವುದು ತಪ್ಪು. ಅವಳು ಒಂದು ನಿಮಿಷ ಫ್ಯಾನಿನ ಕೆಳಗೆ ಕೂತು ಸುಧಾರಿಸಿಕೊಂಡದ್ದನ್ನು ಕಂಡು, ಸಂಜೆ ಕೆಲಸದ ಬಗ್ಗೆ ಏನೋ ನೆಪ ತೆಗೆದು ಮಾತಾಡುವುದು ಇನ್ನೂ ತಪ್ಪು. ಮಗ ತಾಯಿಯನ್ನು ನೋಡುವಾಗ ಪ್ರೀತಿಯಾದರೂ ಇತ್ತು. ಇಲ್ಲಿ ಅದೂ ಇಲ್ಲ, ಬದಲಿಗೆ ಅವಳ ಸಂಬಳ ನಮ್ಮ ಕೈಯಲ್ಲಿದೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ಊರಿನ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆಯುತ್ತ, ಗಲ್ಲಾದ ಮೇಲೆ ಕೂತ ಧಣಿಯ ಕಣ್ಣಿನ ಕೆಳಗೆ ಬದುಕು ಆರಂಭಿಸಿದವರು. ಆ ಕಣ್ಣು ಎಲ್ಲಿದೆ ಎಂದು ಅವರಿಗೆ ಕಾಣುತ್ತಿತ್ತು. ಬಾಯಿಗೆ ಒಂದು ವಾಕ್ಯ ಸಾಕು: “ಇದರಲ್ಲಿ ಕ್ಯಾಮೆರಾ ಇದೆ, ನಾವು ಇಲ್ಲದಾಗ ಚಾಲೂ ಇರುತ್ತದೆ.” ಈ ವಾಕ್ಯವನ್ನು ಆಡಲು ನಾಚಿಕೆಯಾದರೆ, ಆ ನಾಚಿಕೆಯನ್ನು ಗಮನಿಸಬೇಕು.

ಬೆಳೆದ ಮಕ್ಕಳ ಕೋಣೆಯ ವಿಚಾರವೂ ಇದೇ ಜಾತಿಯದು. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನಾರು ವರ್ಷದ ಹುಡುಗ ಅದನ್ನು ತಾನೇ ಗೋಡೆಗೆ ತಿರುಗಿಸಿಡುತ್ತಾನೆ.

ಕ್ಯಾಮೆರಾ ಇಲ್ಲದ ಯಂತ್ರವೂ ಕೆಮ್ಮದೆ ಒಳಗೆ ಬರುವುದುಂಟು. ಸುಮ್ಮನಿರುವಾಗ ಅದು ನಮ್ಮ ಫೋನಿನಲ್ಲಿರುವ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತದೆ. ಬಹಳ ಜನ ಮೆಚ್ಚುವ ಉಪಯೋಗ ಇದು, ಮೆಚ್ಚಬೇಕಾದದ್ದೇ. ಆದರೆ ಅದಕ್ಕೆ ಹಬ್ಬವೂ ಗೊತ್ತಿಲ್ಲ, ಸೂತಕವೂ ಗೊತ್ತಿಲ್ಲ. ಮೊಮ್ಮಗನ ಕೇಕು, ಅದರ ಬೆನ್ನಿಗೆ ಲೈಟ್ ಬಿಲ್ಲಿನ ಚಿತ್ರ, ಅದರ ಬೆನ್ನಿಗೆ ಹೋದ ವರ್ಷ ಆಸ್ಪತ್ರೆಯ ಹಾಸಿಗೆಯಲ್ಲಿ ನಗಲು ಯತ್ನಿಸುತ್ತಿರುವ ಮನೆಯ ಯಜಮಾನರು. ಸಾರಿಗೆ ಉಪ್ಪು ಹಾಕುತ್ತಿರುವ ಹೆಂಡತಿ ಕೈಯಲ್ಲಿ ಉಪ್ಪು ಹಿಡಿದು ಹಾಗೆಯೇ ನಿಲ್ಲುತ್ತಾರೆ. ನಮ್ಮಲ್ಲಿ ಸತ್ತವರನ್ನು ನೆನೆಯಲು ಒಂದು ತಿಥಿ ಇದೆ, ಗೋಡೆಯ ಮೇಲೆ ಮಾಲೆ ಹಾಕಿದ ಒಂದು ಪಟವಿದೆ. ಆ ಪಟದ ಜಾಗ ನಮಗೆ ಗೊತ್ತು. ಮನಸ್ಸಾದರೆ ನೋಡುತ್ತೇವೆ, ಇಲ್ಲವಾದರೆ ತಲೆ ತಗ್ಗಿಸಿ ದಾಟುತ್ತೇವೆ. ಎಲ್ಲ ಚಿತ್ರಗಳನ್ನೂ ತೋರಿಸು ಎಂದು ಯಂತ್ರಕ್ಕೆ ಹೇಳುವ ಬದಲು ಒಂದು ಆಲ್ಬಮ್ ಆರಿಸಿ ಕೊಡಬಹುದು. ಆರಿಸುವ ಕೆಲಸವನ್ನು ಮಗಳಿಗೋ ಅಳಿಯನಿಗೋ ಬಿಡದೆ, ದಿನವೆಲ್ಲ ಅದರ ಎದುರು ಅಡುಗೆ ಮಾಡುವವರ ಪಕ್ಕದಲ್ಲಿ ಕೂತು ಮಾಡಬೇಕು. ಕೆಲವರಿಗೆ ಅಂಥ ಚಿತ್ರ ಕಂಡರೆ ಸಂತೋಷವೂ ಆಗುತ್ತದೆ. ಕೇಳದೆ ತಿಳಿಯುವುದು ಹೇಗೆ?

ಯಂತ್ರ ಮಾಡಿದವರಿಗೆ ಈ ಸಂಗತಿಗಳು ಹೊಳೆದಿಲ್ಲವೆಂದು ತಿಳಿಯಬಾರದು. ಗೂಗಲ್ 2018ರಲ್ಲಿ ತಂದ ಮೊದಲ ಡಿಸ್ಪ್ಲೇಯಲ್ಲಿ ಕ್ಯಾಮೆರಾವನ್ನೇ ಇಟ್ಟಿರಲಿಲ್ಲ. ಮಲಗುವ ಕೋಣೆಯಲ್ಲಿ ಇಡಲೂ ಜನರಿಗೆ ಹಿಂಜರಿಕೆ ಆಗಬಾರದೆಂಬುದು ಅವರ ಲೆಕ್ಕ. ಅಮೆಜಾನಿನ ‘ಡ್ರಾಪ್ ಇನ್’ನಲ್ಲಿ ಸಂಪರ್ಕ ತೆರೆದ ಮೊದಲ ಕೆಲವು ಕ್ಷಣ ಚಿತ್ರ ಮಂಜು ಹಿಡಿದ ಗಾಜಿನಂತೆ ಮಸುಕಾಗಿರುತ್ತದೆ, ಅಷ್ಟರೊಳಗೆ ಆ ಕಡೆಯವರು ಬೇಡವೆನಿಸಿದರೆ ಚಿತ್ರವನ್ನು ಮುಚ್ಚಬಹುದು. ಕೆಮ್ಮು ಬೇಕೆಂದು ಕಂಪೆನಿಗೂ ತಿಳಿದಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಕನ್ನಡಕ ಹುಡುಕಿ, ಮೊಣಕಾಲು ಹಿಡಿದು ಎದ್ದು, ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳ ನಡುವೆ ಸರಿಯಾದ ಜಾಗ ಮುಟ್ಟುವಷ್ಟರಲ್ಲಿ ಎಪ್ಪತ್ತೆಂಟು ವರ್ಷದವರಿಗೆ ಆ ಮಂಜು ಕರಗಿ ಹೋಗಿರುತ್ತದೆ. ಎಷ್ಟೋ ಯಂತ್ರಗಳಲ್ಲಿ ಕ್ಯಾಮೆರಾದ ಮೇಲೆ ಸರಿಸುವ ಒಂದು ಪುಟ್ಟ ಮುಚ್ಚಳವೂ ಇದೆ. ಕೊಂಡವರಿಗೆ ಅದು ಗೊತ್ತಿರುತ್ತದೆ. ಯಾರ ಮುಂದೆ ಯಂತ್ರವನ್ನು ಇಡುತ್ತೇವೆಯೋ ಅವರಿಗೆ ತೋರಿಸಿಕೊಟ್ಟವರು ಕಡಿಮೆ. ನೋಡುವವನ ಕೈಯಲ್ಲಿ ಗುಂಡಿಯಿದ್ದರೆ, ನೋಡಿಸಿಕೊಳ್ಳುವವರ ಕೈಯಲ್ಲಿ ಮುಚ್ಚಳವಿರಬೇಕು. ಅದನ್ನು ಮುಚ್ಚಿದ್ದಕ್ಕೆ ಅವರು ಕಾರಣ ಹೇಳಬೇಕಾಗಿ ಬರಬಾರದು. “ಯಾಕಮ್ಮ ಮುಚ್ಚಿದಿ?” ಎಂದು ಮಗ ಪ್ರತಿ ಸಲ ಕೇಳಿದರೆ ಮುಚ್ಚಳ ಇದ್ದೂ ಇಲ್ಲದಂತೆ.

ಕುಂದಾಪುರದ ಆ ಮನೆಯಲ್ಲಿ ಈಗ ಬೇರೆ ಏರ್ಪಾಡಾಗಿದೆ. ಕೇಳದೆ ತೆರೆದುಕೊಳ್ಳುವ ಸೌಕರ್ಯವನ್ನು ಮಗ ತೆಗೆಸಿದ್ದಾರೆ. ಈಗ ಗಂಟೆ ಬಾರಿಸುತ್ತದೆ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ, ಏಳೂವರೆಯ ಹೊತ್ತಿಗೆ ಮಾತು. ಬಚ್ಚಲಿಗೆ ಹಿಡಿಕಂಬಿ ಬಂದಿದೆ, ಒಂದು ಬೀಗದ ಕೈ ನೆರೆಮನೆಯಲ್ಲಿದೆ. ಮುಚ್ಚಳ ಸರಿಸುವುದು ತಾಯಿಯ ಬೆರಳಿಗೆ ಆಗುವುದಿಲ್ಲವಂತೆ, ತೀರ ಸಣ್ಣದು. ಹಾಗಾಗಿ ಹಿಂದೆ ರೇಡಿಯೋದ ಮೇಲೆ, ಆಮೇಲೆ ಟಿ.ವಿ.ಯ ಮೇಲೆ ಹೊದಿಸುತ್ತಿದ್ದ ಕಸೂತಿಯ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಇದರ ಮೇಲೆ ಹೊದಿಸಿದ್ದಾರೆ. ಗಂಟೆ ಕೇಳಿದರೆ ಎಲೆಯಡಿಕೆ ಉಗಿದು ಬಂದು, ಬಟ್ಟೆಯನ್ನು ಮಡಿಸಿ ಪಕ್ಕದಲ್ಲಿಟ್ಟು ಕೂರುತ್ತಾರೆ. ಕೆಲವು ದಿನ ಬಟ್ಟೆ ತೆಗೆಯುವುದೇ ಇಲ್ಲ, ಒಳಗಿನಿಂದಲೇ ಮಾತಾಡುತ್ತಾರೆ. ಆಗ ಗೋರೆಗಾಂವ್‌ನ ಅಡುಗೆಮನೆಯಲ್ಲಿ ಸೊಸೆ, ಮೊಮ್ಮಕ್ಕಳು ಹೂವು ಬಳ್ಳಿಗಳ ಹಿಂಬದಿಯ ನೂಲನ್ನು ನೋಡುತ್ತ ಅವರ ಮಾತು ಕೇಳುತ್ತಾರೆ.